ಕಲಬುರಗಿ ಬಿಸಿಲಲ್ಲಿ ಸಾಕು ಹಾವು: ಮೊದಲು ತಂಪು ಮೂಲೆ

ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಓದುವ ಹುಡುಗ ಹುಡುಗಿಯರ ಮುಂದೆ ಏಪ್ರಿಲ್‌ನಲ್ಲಿ ಆಡಿದ ಮಾತು ಇದು. ಆಡಿದ ಹಾಗೆಯೇ ಬರೆದಿದ್ದೇನೆ. ಅಲ್ಲಿ ಹೇಳಲು ಮರೆತದ್ದನ್ನು ನಡುನಡುವೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಕೂಲರ್, ಫ್ಯಾನ್, ನೀರಿನ ಮೋಟರ್ ರಿಪೇರಿ ಮಾಡುವ ಅಂಗಡಿ ನನ್ನದು. ಮನೆಯಲ್ಲಿ ಆರು ವರ್ಷದಿಂದ ಒಂದು ಬಾಲ್ ಪೈಥಾನ್ ಇದೆ, ಹೆಬ್ಬಾವಿನ ಒಂದು ಸಣ್ಣ ಜಾತಿ. ಹೆಣ್ಣು. ನಮ್ಮ ಅವ್ವ ಅದಕ್ಕೆ ಗೌರಿ ಅಂತ ಹೆಸರಿಟ್ಟಿದ್ದಾಳೆ. ನಿಮ್ಮ ಮೇಷ್ಟ್ರು ಅಂಗಡಿಗೆ ಬಂದು, ಹಾವಿನ ಪೆಟ್ಟಿಗೆಯ ಉಷ್ಣಾಂಶದ ಬಗ್ಗೆ ಹುಡುಗರಿಗೆ ಸ್ವಲ್ಪ ಹೇಳ್ರಿ ಅಂದರು. ಬಂದಿದ್ದೇನೆ.

ಹೊಲದಿಂದ ಶುರು ಮಾಡ್ತೀನಿ. ತೊಗರಿ ಕಟಾವಾಗಿ ಎರಡು ತಿಂಗಳು ಕಳೆದ ಮೇಲೆ ನಮ್ಮ ಎರೆ ಹೊಲ ಹೇಗೆ ಬಿರುಕು ಬಿಡುತ್ತದೆ ನೀವೆಲ್ಲ ನೋಡಿದ್ದೀರಿ. ಕೈ ಹಾಕಿದರೆ ಮೊಳಕೈವರೆಗೂ ಹೋಗುತ್ತದೆ. ಹೋದ ವರ್ಷ ಮೇ ತಿಂಗಳಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ಅಂಥ ಒಂದು ಬಿರುಕಿನೊಳಗೆ ಥರ್ಮಾಮೀಟರಿನ ವೈರ್ ಇಳಿಬಿಟ್ಟು ನೋಡಿದೆ. ಮೇಲಿನ ಮಣ್ಣು 58 ಡಿಗ್ರಿ. ಎರಡು ಅಡಿ ಕೆಳಗೆ 33. ಬರೀ ಎರಡು ಅಡಿಗೆ 25 ಡಿಗ್ರಿ ವ್ಯತ್ಯಾಸ! ನಮ್ಮ ಬಿಸಿಲಲ್ಲಿ ಕೆರೆಹಾವು, ನಾಗರಹಾವು ಬದುಕುವುದು ಹೀಗೆ. ಅವಕ್ಕೆ ಬಿಸಿಲು ತಡೆಯುವ ಶಕ್ತಿ ಜಾಸ್ತಿ ಇದೆ ಅಂತಲ್ಲ, ಇಳಿದು ಹೋಗಲು ಜಾಗ ಇದೆ ಅಂತ.

ಈಗ ಗಾಜಿನ ಟ್ಯಾಂಕ್ ನೆನೆಸಿಕೊಳ್ಳಿ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ. ಅದರಲ್ಲಿ ಬಿರುಕಿಲ್ಲ. ಹಾವು ಎಲ್ಲಿಗೆ ಹೋಗಬೇಕು? ಅದಕ್ಕೆ ಬೆವರು ಬರಲ್ಲ, ನಮ್ಮ ಹಾಗೆ ಮೈ ಬಿಸಿಯನ್ನು ಒಳಗಿಂದ ಹಿಡಿದಿಟ್ಟುಕೊಳ್ಳುವ ವ್ಯವಸ್ಥೆಯೂ ಇಲ್ಲ. ಸುತ್ತಲಿನ ಜಾಗ ಎಷ್ಟು ಬಿಸಿಯೋ ಸ್ವಲ್ಪ ಹೊತ್ತಿನಲ್ಲಿ ಅದರ ಮೈಯೂ ಅಷ್ಟೇ ಬಿಸಿ. ಬೇಕಾದಾಗ ಬಿಸಿಗೆ ಬರುತ್ತದೆ, ಸಾಕಾದಾಗ ತಂಪಿಗೆ ಸರಿಯುತ್ತದೆ. ಅದಕ್ಕೆ ಗೊತ್ತಿರುವ ದಾರಿ ಇದೊಂದೇ. ನಾವು ಅದನ್ನು ಪೆಟ್ಟಿಗೆಯಲ್ಲಿ ಇಟ್ಟ ದಿನ ಆ ದಾರಿಯನ್ನು ಕಿತ್ತುಕೊಂಡಿರುತ್ತೇವೆ. ಹಾಗಾಗಿ ವಾಪಸ್ ಕಟ್ಟಿಕೊಡುವುದೂ ನಮ್ಮ ಕೆಲಸವೇ.

ಮುಂದೆ ಹೋಗುವ ಮುಂಚೆ ಕಾನೂನಿನ ಮಾತು. ನಮ್ಮ ನೆಲದ ಯಾವ ಹಾವನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ನಾಗರಹಾವು, ಕೆರೆಹಾವು, ನೀರುಹಾವು, ಎಲ್ಲಕ್ಕೂ ಇದೇ ಮಾತು. ಎರಡು ತಲೆ ಹಾವು ಅಂತಾರಲ್ಲ, ಆ ಮಣ್ಣುಮುಕ್ಕ ಹಾವಿಗೂ. ಅದು ಮನೆಯಲ್ಲಿದ್ದರೆ ದುಡ್ಡು ಬರುತ್ತದೆ ಅಂತ ನಂಬಿಸಿ ಲಕ್ಷಗಟ್ಟಲೆ ಹೇಳಿ ಮಾರುವವರಿದ್ದಾರೆ. ಅವರ ಹತ್ತಿರ ಹೋಗಬೇಡಿ. ದುಡ್ಡೂ ಹೋಗುತ್ತದೆ, ಜೈಲೂ ಆಗುತ್ತದೆ, ಪಾಪದ ಹಾವೂ ಸಾಯುತ್ತದೆ. ಬಾಲ್ ಪೈಥಾನ್ ಆಫ್ರಿಕಾದ್ದು. ಕಾಡುಪ್ರಾಣಿಗಳನ್ನು ದೇಶ ದೇಶಗಳ ನಡುವೆ ಮಾರುವುದಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಅಂಥ ಪ್ರಾಣಿ ನಿಮ್ಮಲ್ಲಿದ್ದರೆ 2024ರ ಫೆಬ್ರವರಿಯಲ್ಲಿ ಬಂದ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕಾಗದ ಇಲ್ಲದ ಹಾವನ್ನು ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತಗೋಬೇಡಿ.

ಈಗ ಲೆಕ್ಕ. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಬಿಸಿ ತುದಿಯಲ್ಲಿ 31ರಿಂದ 33 ಡಿಗ್ರಿ ಬೇಕು. ತಂಪು ತುದಿಯಲ್ಲಿ 25ರಿಂದ 27. ರಾತ್ರಿ 24ರ ಕೆಳಗೆ ಇಳಿಯಬಾರದು. ಜನ ಸಾಕುವ ಇನ್ನೊಂದು ಹಾವು ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ್ದು, ಅದಕ್ಕೆ ಇನ್ನೂ ತಂಪು ಬೇಕು. ಬಿಸಿ ತುದಿ 29, 30 ಇದ್ದರೆ ಸಾಕು, ತಂಪು ತುದಿ 22ರಿಂದ 24. ಆಫ್ರಿಕಾ ಅಂದ ತಕ್ಷಣ ಎಲ್ಲರೂ ಬಿಸಿಲಿಗೆ ಒಗ್ಗಿದ ಹಾವು ಅಂದುಕೊಳ್ತಾರೆ. ಆದರೆ ಘಾನಾ, ಟೋಗೊ, ಬೆನಿನ್ ಕಡೆ ಬಾಲ್ ಪೈಥಾನ್ ಹಗಲೆಲ್ಲ ಇಲಿ ಬಿಲದಲ್ಲೋ ಹುತ್ತದಲ್ಲೋ ಮಲಗಿರುತ್ತದೆ, ಹೊರಗೆ ಬರುವುದು ಕತ್ತಲಾದ ಮೇಲೆ. ನಮ್ಮ ಎರೆ ಬಿರುಕಿನ ಕಥೆಯೇ ಅಲ್ಲಿಯೂ.

ಈಗ ನಮ್ಮ ಊರಿನ ಲೆಕ್ಕ ಪಕ್ಕದಲ್ಲಿ ಇಡಿ. ಮೇ ತಿಂಗಳಲ್ಲಿ ಹೊರಗೆ 42, 43, ಕೆಲವು ದಿನ ಅದಕ್ಕೂ ಜಾಸ್ತಿ. ಮೇಲಂತಸ್ತಿನ ರೂಮಿನಲ್ಲಿ ರಾತ್ರಿ ಹತ್ತಕ್ಕೂ 36. ಅಂದರೆ ಹೀಟರ್ ಇಲ್ಲದೆಯೇ ಪೂರ್ತಿ ಪೆಟ್ಟಿಗೆ ಹಾವಿನ ಬಿಸಿ ತುದಿಗಿಂತ ಬಿಸಿ. ಇಡೀ ಪೆಟ್ಟಿಗೆ 35 ದಾಟಿದರೆ ಅಪಾಯ ಶುರು. 38, 40ರಲ್ಲಿ ಹೆಚ್ಚು ಹೊತ್ತು ಇದ್ದರೆ ಹಾವು ಉಳಿಯಲ್ಲ.

ಯೂಟ್ಯೂಬ್‌ನಲ್ಲಿ ಹಾವು ಸಾಕುವ ವಿಡಿಯೋ ನೋಡಿದರೆ ಮೊದಲ ಅರ್ಧ ಗಂಟೆ ಬಿಸಿ ಮಾಡುವುದು ಹೇಗೆ ಅಂತಲೇ ಇರುತ್ತದೆ. ಯಾವ ಬಲ್ಬು, ಯಾವ ಮ್ಯಾಟು, ಎಷ್ಟು ವ್ಯಾಟು. ಅವರ ಊರಲ್ಲಿ ಹಿಮ ಬೀಳುತ್ತದೆ, ಅವರಿಗೆ ಅದು ಸರಿ. ನಾನೂ ಮೊದಲು ಅದನ್ನೇ ಕಲಿತೆ. ಟ್ಯಾಂಕಿಗೆ ಹಾಕುವ, ಕರೆಂಟಿನಿಂದ ಕಾಯುವ ಹೀಟ್ ಮ್ಯಾಟ್ ತರಿಸಿದೆ, ಬಲ್ಬ್ ತರಿಸಿದೆ. ತಂಪಿಗೆ ಏನು ಮಾಡಬೇಕು ಅಂತ ಒಂದು ದಿನವೂ ಯೋಚಿಸಲಿಲ್ಲ. ಬೇರೆಯವರ ಮನೆಯ ಕೂಲರ್ ರಿಪೇರಿ ಮಾಡಿ ಬದುಕುವವನು ನಾನು.

ಅದರ ಫಲ ಹೇಳ್ತೀನಿ. ಏಪ್ರಿಲ್ ಕೊನೆಯ ವಾರ, ಸೇಡಂನಲ್ಲಿ ಮದುವೆ ಇತ್ತು. ಬೆಳಗ್ಗೆ ಎಂಟಕ್ಕೆ ಮನೆಯವರೆಲ್ಲ ಹೊರಟೆವು. ಟ್ಯಾಂಕ್ ಇದ್ದದ್ದು ಮೇಲಿನ ರೂಮಿನಲ್ಲಿ, ಕಬ್ಬಿಣದ ಅಲ್ಮಾರದ ಮೇಲೆ. ಮಗು ಮುಟ್ಟಬಾರದು ಅಂತ ಎತ್ತರದಲ್ಲಿಟ್ಟಿದ್ದೆ. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ ಹೋಗಿದ್ದೆ. ಹನ್ನೊಂದಕ್ಕೆ ಕರೆಂಟ್ ಹೋಗಿತ್ತಂತೆ. ನಾವು ಬಂದದ್ದು ನಾಲ್ಕಕ್ಕೆ. ಬಾಗಿಲು ತೆಗೆದರೆ ರೊಟ್ಟಿ ಬೇಯಿಸುವ ಒಲೆ ಮುಂದೆ ಕೂತ ಹಾಗೆ ಝಳ. ಗೌರಿ ನೀರಿನ ಬಟ್ಟಲಿನಲ್ಲಿತ್ತು. ಆ ಬಟ್ಟಲು ಅದಕ್ಕೆ ಸಾಲದು, ಆದರೂ ಮೈಯೆಲ್ಲ ಸುತ್ತಿ ಸುತ್ತಿ ತುರುಕಿಕೊಂಡು, ಮೂಗು ಮಾತ್ರ ಮೇಲೆ ಮಾಡಿಕೊಂಡು ಕೂತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಬೆರಳಿಟ್ಟು ನೋಡಿದೆ, ಆ ನೀರೂ ಬೆಚ್ಚಗಿತ್ತು. ಗೋಡೆಗೆ ಅಂಟಿಸಿದ್ದ ಥರ್ಮಾಮೀಟರ್ 38.

ಎತ್ತಿಕೊಂಡರೆ ಮೈಯಲ್ಲಿ ಬಿಗಿಯೇ ಇಲ್ಲ, ಒದ್ದೆ ಬಟ್ಟೆ ಎತ್ತಿದ ಹಾಗೆ. ಬಾಲ್ ಪೈಥಾನ್ ಸಾಕಿದವರಿಗೆ ಗೊತ್ತು, ಅದು ಕೈಗೆ ಬಂದರೆ ಗಟ್ಟಿಯಾಗಿ ಸುತ್ತಿಕೊಳ್ಳುತ್ತದೆ. ಅವತ್ತು ಸುಮ್ನೆ ಜೋತು ಬಿತ್ತು. ಕೆಳಗಿನ ಬಚ್ಚಲಿಗೆ ತಂದೆ. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದೆ, ಮನೆಯಲ್ಲಿ ಅದೇ ತಂಪು ಜಾಗ. ಅವ್ವ ಫ್ರಿಜ್ಜಿನ ನೀರು ತರಲು ಓಡಿದಳು, ಬೇಡ ಅಂದೆ. ಇದನ್ನು ನೆನಪಿಡಿ. ಬಿಸಿಯಿಂದ ಬಳಲಿದ ಹಾವಿಗೆ ಐಸ್ ನೀರು ಹಾಕಬಾರದು, ಒಮ್ಮೆಲೇ ಆ ಪೆಟ್ಟು ಅದು ತಡೆಯಲ್ಲ. ಗಡಿಗೆ ನೀರಿಗೆ ನಲ್ಲಿ ನೀರು ಬೆರೆಸಿ, ಎರಡು ಬೆರಳು ಎತ್ತರದಷ್ಟು ಟಬ್ಬಿನಲ್ಲಿ ಹಾಕಿ, ಅದರಲ್ಲಿ ಬಿಟ್ಟು, ತಲೆಯನ್ನು ಕೈಯಲ್ಲಿ ಹಿಡಿದು ಕೂತೆ. ನಲವತ್ತು ನಿಮಿಷ. ಆಮೇಲೆ ಒಂದು ಸಲ ನಾಲಿಗೆ ಹೊರಗೆ ಬಂತು. ಅವ್ವ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡಳು. ಹಾವು ಮನೆಗೆ ಬಂದ ದಿನ ಹೆದರಿ ತಂಗಿ ಮನೆಗೆ ಹೋಗಿದ್ದವಳು ಅವಳು. ಮರುದಿನ ಡಾಕ್ಟರಿಗೆ ತೋರಿಸಿದೆ. ಬದುಕಿತು. ಆದರೆ ಐದು ವಾರ ಏನೂ ತಿನ್ನಲಿಲ್ಲ.

ಅವತ್ತು ಎಷ್ಟು ತಪ್ಪು ಮಾಡಿದ್ದೆ ನೋಡಿ. ಬಿಸಿ ಗಾಳಿ ಮೇಲಕ್ಕೆ ಏರುತ್ತದೆ, ನಾನು ಟ್ಯಾಂಕನ್ನು ಚಾವಣಿ ಹತ್ತಿರ ಇಟ್ಟಿದ್ದೆ. ಚಾವಣಿ ಹಗಲೆಲ್ಲ ಕಾದು ರಾತ್ರಿಯೆಲ್ಲ ಕೆಳಗೆ ಝಳ ಬಿಡುತ್ತದೆ. ಕಲ್ಲಿನದಾದರೂ ಅಷ್ಟೇ, ಸ್ಲ್ಯಾಬಾದರೂ ಅಷ್ಟೇ. ಇನ್ನು ಫ್ಯಾನ್. ಫ್ಯಾನ್ ಕೆಳಗೆ ನಮಗೆ ತಂಪಾಗುವುದು ಬೆವರು ಆರುವುದರಿಂದ. ಹಾವಿಗೆ ಬೆವರೇ ಇಲ್ಲ ಅಂದ ಮೇಲೆ 38 ಡಿಗ್ರಿ ಗಾಳಿ ಬೀಸಿದರೆ 38 ಡಿಗ್ರಿಯೇ. ಕರೆಂಟ್ ಇದ್ದಿದ್ದರೂ ಆ ಫ್ಯಾನ್ ಗೌರಿಯನ್ನು ಕಾಪಾಡುತ್ತಿರಲಿಲ್ಲ.

ಈಗ ಟ್ಯಾಂಕ್ ಕೆಳಗಿನ ಮನೆಯಲ್ಲಿದೆ, ಬಡಗಣ ಗೋಡೆಗೆ, ನೆಲದ ಮೇಲೆ. ಶಹಾಬಾದ್ ಕಲ್ಲಿನ ನೆಲ ನಮ್ಮ ಭಾಗದ ದೊಡ್ಡ ಪುಣ್ಯ. ಮಣ್ಣಿಗೆ ಅಂಟಿಕೊಂಡಿರುವ ಹಾಸುಗಲ್ಲು ಮೇ ತಿಂಗಳಲ್ಲೂ ಬೇಗ ಕಾಯುವುದಿಲ್ಲ. ಪೆಟ್ಟಿಗೆಯ ತಂಪು ತುದಿಯ ಒಳಗೂ ಒಂದು ತುಂಡು ಕಲ್ಲು ಹಾಕಿದ್ದೇನೆ, ಅಂಚು ಉಜ್ಜಿ ನುಣುಪು ಮಾಡಿ. ಅದರ ಮೇಲೆ ಸಣ್ಣ ಮಣ್ಣಿನ ಗಡಿಗೆಯನ್ನು ಅಡ್ಡ ಮಲಗಿಸಿ, ಒಳಗೆ ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿ ಹಾಕಿದ್ದೇನೆ. ಕುಡಿಯುವ ನೀರು ಗಡಿಗೆಯಲ್ಲಿ ತಂಪಾಗುತ್ತದಲ್ಲ, ಇದೂ ಅದೇ. ನೀರು ಮಣ್ಣಿನ ಸಣ್ಣ ರಂಧ್ರಗಳಲ್ಲಿ ಜಿನುಗಿ ಆರುತ್ತದೆ, ಆರುವಾಗ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಹೊಸ ಗಡಿಗೆ ಆಗಬೇಕು, ಬಣ್ಣ ಬಳಿದದ್ದು ಬೇಡ. ಗೌರಿಗೆ ಅದೇ ಬಿರುಕು, ಅದೇ ಬಿಲ. ಬೇಸಿಗೆಯಲ್ಲಿ ಹಗಲೆಲ್ಲ ಅದರೊಳಗೇ.

ಆದರೆ ಗಡಿಗೆಯೊಂದೇ ಸಾಲದು. ರೂಮೇ ತಂಪಾಗಬೇಕು. ಇಲ್ಲಿ ನನ್ನ ಕಸುಬು ಉಪಯೋಗಕ್ಕೆ ಬಂತು. ನಮ್ಮದು ಒಣ ಬಿಸಿಲು, ಅದಕ್ಕೇ ಇಲ್ಲಿ ಕೂಲರ್ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಹೊರಗೆ 42 ಇದ್ದ ದಿನ ನನ್ನ ಕೂಲರ್ ಬಾಯಿಯಲ್ಲಿ 27, 28 ಸಿಕ್ಕಿದೆ. ಇನ್ನೊಂದು ಲಾಭ ಇದೆ. ಬಾಲ್ ಪೈಥಾನ್‌ಗೆ ಗಾಳಿಯಲ್ಲಿ 55ರಿಂದ 70 ಪರ್ಸೆಂಟ್ ತೇವ ಬೇಕು. ನಮ್ಮ ಬೇಸಿಗೆ ಮಧ್ಯಾಹ್ನ ಅದು ಎಲ್ಲಿಂದ ಬರಬೇಕು? ತೇವ ಇಲ್ಲದಿದ್ದರೆ ಪೊರೆ ಸರಿಯಾಗಿ ಬಿಡಲ್ಲ, ಚೂರು ಚೂರಾಗಿ ಕಿತ್ತು ಬರುತ್ತದೆ, ಕಣ್ಣಿನ ಮೇಲಿನದು ಹಾಗೇ ಉಳಿದುಬಿಡುತ್ತದೆ. ಕೂಲರ್ ಆ ಎರಡೂ ಕೆಲಸ ಒಟ್ಟಿಗೆ ಮಾಡುತ್ತದೆ. ಆದರೆ ಎದುರಿನ ಕಿಟಕಿ ಸ್ವಲ್ಪ ತೆರೆದಿರಲೇಬೇಕು, ಇಲ್ಲದಿದ್ದರೆ ತೇವ ತುಂಬಿ ತಂಪು ನಿಂತುಹೋಗುತ್ತದೆ. ಕೂಲರ್ ಗಾಳಿ ನೇರ ಟ್ಯಾಂಕಿಗೆ ಹೊಡೆಯಬಾರದು. ಪೆಟ್ಟಿಗೆಯ ಹಾಸು ಸದಾ ಒದ್ದೆ ಇದ್ದರೆ ಹೊಟ್ಟೆ ಕೆಳಗಿನ ಚರ್ಮ ಕೊಳೆಯುತ್ತದೆ. ಕೂಲರ್ ಹುಲ್ಲು ಪ್ರತಿ ವರ್ಷ ಬದಲಿಸಿ, ಹಳೆ ಹುಲ್ಲಿನಲ್ಲಿ ಬೂಷ್ಟು ಇರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೂಲರ್‌ನಿಂದ ತಂಪು ಸಿಗಲ್ಲ, ಆದರೆ ಅಷ್ಟು ಹೊತ್ತಿಗೆ ಬಿಸಿಲೂ ಇಳಿದಿರುತ್ತದೆ.

ಹಾಗಂತ ಹೀಟ್ ಮ್ಯಾಟ್ ಬಿಸಾಡಬೇಡಿ. ಕೂಲರ್ ಹಾಕಿ ರೂಮು 28 ಆದಾಗ ಒಂದು ತುದಿಗೆ 32 ಬೇಕೇ ಬೇಕು, ಇಲ್ಲದಿದ್ದರೆ ತಿಂದದ್ದು ಸರಿಯಾಗಿ ಅರಗಲ್ಲ. ಆದರೆ ಬೇಕಾದಷ್ಟು ಬಿಸಿಯಾದ ಕೂಡಲೇ ಕರೆಂಟ್ ಕತ್ತರಿಸುವ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕುವುದು ಹಾವನ್ನು ಹೆಂಚಿನ ಮೇಲೆ ಇಟ್ಟ ಹಾಗೆ. ಥರ್ಮೋಸ್ಟಾಟ್ ಇದ್ದೂ ನಾನು ಗೌರಿಯನ್ನು ಸುಟ್ಟಿದ್ದೇನೆ, ಅದೂ ಹೇಳಿಬಿಡ್ತೀನಿ. ಬಿಸಿ ಅಳೆಯುವ ಸೆನ್ಸರ್ ವೈರನ್ನು ಸೆಲ್ಲೋಟೇಪಿನಿಂದ ಅಂಟಿಸಿದ್ದೆ. ಬಿಸಿಗೆ ಗೋಂದು ಒಣಗಿ ಟೇಪ್ ಬಿಟ್ಟಿತು. ಸೆನ್ಸರ್ ಜಾರಿ ನೀರಿನ ಬಟ್ಟಲಿನ ಪಕ್ಕ ಬಿತ್ತು. ಅಲ್ಲಿ 27. ಥರ್ಮೋಸ್ಟಾಟ್‌ಗೆ ಏನು ಗೊತ್ತು, ಇನ್ನೂ ತಣ್ಣಗಿದೆ ಅಂತ ಮ್ಯಾಟಿಗೆ ಕರೆಂಟ್ ಕೊಡುತ್ತಲೇ ಹೋಯಿತು. ಬೆಳಗ್ಗೆ ಅಳೆದರೆ ಮ್ಯಾಟಿನ ಮೇಲಿನ ಗಾಜು 49. ಗೌರಿ ಅದರ ಮೇಲೇ ಮಲಗಿತ್ತು.

ಇದು ವಿಚಿತ್ರ ಅನ್ನಿಸುತ್ತದೆ ಅಲ್ವಾ? ಬಾಲ್ ಪೈಥಾನ್ ತುಟಿಯ ಮೇಲೆ ಸಣ್ಣ ಗುಳಿಗಳಿವೆ, ಕತ್ತಲಲ್ಲಿ ಇಲಿಯ ಮೈ ಬಿಸಿಯನ್ನು ಅವು ಗುರುತಿಸುತ್ತವೆ. ಅಂಥ ಹಾವು ಹೊಟ್ಟೆ ಸುಡುತ್ತಿದ್ದರೂ ಎದ್ದು ಹೋಗದೆ ಮಲಗಿರುತ್ತದೆ. ಹೊಟ್ಟೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಂದು ಕಲೆ. ಸುಟ್ಟ ಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಜಿನ್ ಮುಲಾಮನ್ನು ಡಾಕ್ಟರ್ ಬರೆದುಕೊಟ್ಟರು. ಹಾಸು ತೆಗೆದು ಬರೀ ಪೇಪರ್ ಹಾಕಿದೆ. ಮೂರು ಸಲ ಪೊರೆ ಬಿಟ್ಟ ಮೇಲೆ ಕಲೆ ತಿಳಿಯಾಯಿತು. ಈಗಲೂ ಬೆಳಕಿಗೆ ಹಿಡಿದರೆ ಕಾಣುತ್ತದೆ.

ಈಗ ನನ್ನ ಮ್ಯಾಟ್ ಟ್ಯಾಂಕಿನ ಹೊರಗೆ, ಕೆಳಗೆ ಇದೆ, ಮೂರನೇ ಒಂದು ಭಾಗಕ್ಕೆ ಮಾತ್ರ. ಟ್ಯಾಂಕಿಗೆ ಸಣ್ಣ ಕಾಲು ಕೊಟ್ಟು ಗಾಳಿ ಆಡಲು ಬಿಟ್ಟಿದ್ದೇನೆ. ಸೆನ್ಸರ್ ಮ್ಯಾಟಿಗೂ ಗಾಜಿಗೂ ನಡುವೆ, ಶಾಖ ತಡೆಯುವ ಟೇಪಿನಲ್ಲಿ. ಪೆಟ್ಟಿಗೆಯ ಒಳಗೆ ಯಾವ ಟೇಪೂ ಬೇಡ, ಹಾವಿನ ಮೈಗೆ ಅಂಟಿಕೊಂಡರೆ ಚರ್ಮ ಕಿತ್ತು ಬರುತ್ತದೆ. ಮೊಟ್ಟೆ ಮರಿ ಮಾಡುವ ಮಷೀನಿಗೆ ಹಾಕುವ ಎಸ್‌ಟಿಸಿ 1000 ಅನ್ನುವ ಕಂಟ್ರೋಲರ್ ಸಿಗುತ್ತದಲ್ಲ, ಅದನ್ನೇ ಎರಡು ಹಾಕಿದ್ದೇನೆ. ಒಂದು ಮ್ಯಾಟಿಗೆ. ಇನ್ನೊಂದರ ಸೆನ್ಸರ್ ತಂಪು ತುದಿಯಲ್ಲಿದೆ, ಅಲ್ಲಿ 28 ದಾಟಿದರೆ ಕೂಲರ್ ಶುರು. ಕೂಲರ್ ಮೋಟರನ್ನು ಕಂಟ್ರೋಲರ್ ಒಳಗಿನ ಸಣ್ಣ ಸ್ವಿಚ್ಚಿಗೆ, ಅಂದರೆ ರಿಲೇಗೆ, ನೇರ ಕೊಡಬೇಡಿ, ನಡುವೆ ಹೆಚ್ಚು ಕರೆಂಟ್ ತಡೆಯುವ ದೊಡ್ಡ ಸ್ವಿಚ್ಚು, ಕಾಂಟ್ಯಾಕ್ಟರ್, ಹಾಕಿಸಿ. ಶುರುವಾಗುವಾಗ ಮೋಟರ್ ಎಳೆಯುವ ಕರೆಂಟ್ ಜಾಸ್ತಿ.

ರಿಲೇ ಒಳಗೆ ಎರಡು ಸಣ್ಣ ಲೋಹದ ಬಿಂದು ಕೂಡಿ ಬಿಡುತ್ತಿರುತ್ತವೆ. ಪ್ರತಿ ಸಲ ಒಂದು ಕಿಡಿ. ವರ್ಷಗಟ್ಟಲೆ ಹೀಗಾಗಿ ಒಂದು ದಿನ ಅವು ಬೆಸೆದುಕೊಂಡುಬಿಡುತ್ತವೆ. ಆಗ ಡಿಸ್‌ಪ್ಲೇ ಆಫ್ ಅಂತ ತೋರಿಸುತ್ತದೆ, ಮ್ಯಾಟ್ ಮಾತ್ರ ಕಾಯುತ್ತಲೇ ಇರುತ್ತದೆ. ಅಂಗಡಿಗೆ ಬಂದ ಇಂಥ ರಿಲೇ ಒಂದನ್ನು ಬಿಚ್ಚಿ ತಂದಿದ್ದೇನೆ, ಕೈಯಿಂದ ಕೈಗೆ ಕೊಟ್ಟು ನೋಡಿ, ಆ ಕಪ್ಪು ಚುಕ್ಕಿ. ಅದಕ್ಕೇ ಅದೇ ಲೈನಿನಲ್ಲಿ ಎರಡನೇ ಥರ್ಮೋಸ್ಟಾಟ್ ಹಾಕಿ 35ಕ್ಕೆ ಇಡಿ. ಮೊದಲನೆಯದು ಕೈಕೊಟ್ಟರೆ ಇದು ಕತ್ತರಿಸುತ್ತದೆ. ನೀರು, ಕರೆಂಟ್ ಎರಡೂ ಇರುವ ಜಾಗ, ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಆರ್‌ಸಿಸಿಬಿ ಇಲ್ಲದೆ ಏನೂ ಹಾಕಬೇಡಿ.

ಅಳೆಯುವುದು ಹೇಗೆ? ಕೈಯಿಂದಲ್ಲ. ನಿಮ್ಮ ಕೈಯೇ 33 ಡಿಗ್ರಿ ಹತ್ತಿರ ಇರುತ್ತದೆ, ಅದಕ್ಕೆ 33 ಏನೂ ಅನ್ನಿಸಲ್ಲ. ಕರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಮನೆಯಲ್ಲಿದೆ ಅಂತ ಅದನ್ನು ಹಿಡಿಯಬೇಡಿ. ಅದು ಮನುಷ್ಯರ ಜ್ವರಕ್ಕೆ ಮಾಡಿದ್ದು. ಹೊರಮೈ ಅಳೆಯುವ ಗನ್ ಬೇರೆ ಸಿಗುತ್ತದೆ. ಅದನ್ನು ಟ್ಯಾಂಕಿನ ಮುಚ್ಚಳ ತೆಗೆದು ಹಿಡಿಯಬೇಕು, ಹೊರಗಿಂದ ಹಿಡಿದರೆ ಗಾಜಿನ ಉಷ್ಣಾಂಶ ಹೇಳುತ್ತದೆ ಅಷ್ಟೇ. ಇದಕ್ಕಿಂತ ಮುಖ್ಯ, ದಿನದ ಅತಿ ಹೆಚ್ಚು ಅತಿ ಕಡಿಮೆ ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಎರಡು ತಗೊಳ್ಳಿ, ಎರಡು ತುದಿಗೆ. ನೀವು ನೋಡುವ ಹೊತ್ತಿಗೆ ಎಲ್ಲ ಸರಿ ಇರುತ್ತದೆ. ನೀವು ಇಲ್ಲದಾಗ ಮಧ್ಯಾಹ್ನ ಮೂರಕ್ಕೆ ಎಷ್ಟಾಗಿತ್ತು ಅನ್ನುವುದು ಬೇಕು.

ಕರೆಂಟ್ ಹೋದರೆ? ಫ್ರೀಜರ್‌ನಲ್ಲಿ ಮಾರ್ಚ್‌ನಿಂದಲೇ ಒಂದೊಂದು ಲೀಟರಿನ ನಾಲ್ಕು ಬಾಟಲಿ ನೀರು ಗಟ್ಟಿ ಮಾಡಿಡಿ. ಟವೆಲ್ ಸುತ್ತಿ ತಂಪು ತುದಿಯ ಜಾಲರಿ ಮುಚ್ಚಳದ ಮೇಲೆ ಒಂದನ್ನು ಇಡಿ. ತಂಪು ಗಾಳಿ ಕೆಳಗೆ ಇಳಿಯುತ್ತದೆ, ಅದಕ್ಕೇ ಮೇಲೆ ಇಡುವುದು. ಇನ್ನೂ ಜಾಸ್ತಿ ಹೊತ್ತಾದರೆ, ಮೀನು ತರುವ ಥರ್ಮಾಕೋಲ್ ಡಬ್ಬಿಯನ್ನು ತೊಳೆದು, ತೂತು ಮಾಡಿ, ಹಾವನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಅದರಲ್ಲಿ ಇಟ್ಟು ಮನೆಯ ತಂಪು ಮೂಲೆಗೆ ತನ್ನಿ. ಡಬ್ಬಿಯೊಳಗೆ ಐಸ್ ಬಾಟಲಿ ಇಟ್ಟರೆ ಅದು ಚೀಲಕ್ಕೆ ತಾಗಬಾರದು. ಉರಿ ಬೇಸಿಗೆಯಲ್ಲಿ ನಾನು ಸಣ್ಣ ಇಲಿಯನ್ನೇ ಕೊಡ್ತೀನಿ, ದಿನಗಳ ಅಂತರ ಹೆಚ್ಚು ಬಿಟ್ಟು. ಹೊಟ್ಟೆ ತುಂಬಿದ ಹಾವಿಗೆ ಬಿಸಿ ಹೆಚ್ಚಾದರೂ ಕಷ್ಟ, ತಂಪು ಹೆಚ್ಚಾದರೂ ವಾಂತಿ.

ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. "ಅಣ್ಣಾ, ನಾವು ಬೀದರ್‌ನವರು. ನಮ್ಮ ಕಡೆ ಡಿಸೆಂಬರ್‌ದಾಗ ಥಂಡಿ ಭಾಳ ಇರ್ತದ್ರಿ. ಅಲ್ಲೂ ಇದೇ ಲೆಕ್ಕ ಏನ್ರಿ?"

ಇಲ್ಲಮ್ಮ, ಅಲ್ಲಿ ಬೇಸಿಗೆಗೆ ಇದೇ, ಚಳಿಗಾಲಕ್ಕೆ ಬೇರೆ. ಬೀದರ್ ಎತ್ತರದ ಊರು, ರಾತ್ರಿ 10ರ ಕೆಳಗೆ ಹೋಗುವ ದಿನಗಳಿವೆ. ಮ್ಯಾಟ್ ನೆಲ ಬಿಸಿ ಮಾಡುತ್ತದೆ, ಗಾಳಿಯನ್ನಲ್ಲ. ಅದಕ್ಕೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಮೇಲಿನಿಂದ ಹಾಕು, ಸುತ್ತ ಕಬ್ಬಿಣದ ಜಾಲರಿ ಇರಲಿ, ಥರ್ಮೋಸ್ಟಾಟ್ ಇರಲಿ. ಟ್ಯಾಂಕಿನ ಮೂರು ಬದಿಗೆ ಥರ್ಮಾಕೋಲ್ ಹಚ್ಚು. ಉಸಿರಾಡುವಾಗ ಸೀಟಿ ಹೊಡೆದ ಹಾಗೆ ಸದ್ದು, ಮೂಗು ಬಾಯಲ್ಲಿ ಲೋಳೆ ಗುಳ್ಳೆ ಕಂಡರೆ ತಡ ಮಾಡಬೇಡ. ನಿಮ್ಮೂರಲ್ಲೇ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ನಮಗೆ ಆ ಅನುಕೂಲ ಇಲ್ಲ.

ಎಸಿ ಆಗಲ್ವಾ ಅಂತ ಇನ್ನೊಬ್ಬರು ಕೇಳಿದರು. ಆಗುತ್ತದೆ, 27ಕ್ಕೆ ಇಡಿ, ಆದರೆ ಎಸಿ ಗಾಳಿಯನ್ನು ಒಣಗಿಸುತ್ತದೆ, ಒದ್ದೆ ಗಡಿಗೆ ಮರೆಯಬೇಡಿ.

ಮಾತು ಮುಗಿದ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗ ಹತ್ತಿರ ಬಂದು ಫೋನ್ ತೋರಿಸಿದ. ಕಾರ್ನ್ ಸ್ನೇಕ್, ಕಿತ್ತಳೆ ಬಣ್ಣದ್ದು, ಇನ್ನೂ ಮರಿ. ಟ್ಯಾಂಕ್ ಪಡುವಣ ಕಿಟಕಿಯ ಮುಂದಿನ ಶೆಲ್ಫಿನ ಮೇಲೆ. "ಎರಡು ದಿನದಿಂದ ನೀರಿನ್ಯಾಗೇ ಕುಂದರ್ತದ್ರಿ. ಆಟ ಆಡ್ತದ ಅನ್ಕೊಂಡಿದ್ದೆ," ಅಂದ. ದನಿ ನಡುಗುತ್ತಿತ್ತು. ಗಾಡಿ ಹತ್ತಪ್ಪಾ ಅಂದೆ. ಸಂಜೆ ಆರಕ್ಕೆ ಅವನ ಮನೆಯಲ್ಲಿ ಇದ್ದೆವು. ಶೆಲ್ಫಿನ ಮೇಲೆ ಗನ್ ಹಿಡಿದರೆ 37. ಅದೇ ಮನೆಯ ಕೆಳಗೆ, ದೇವರ ಕೋಣೆ ಪಕ್ಕದ ಕಲ್ಲಿನ ನೆಲದಲ್ಲಿ 30. ಇಬ್ಬರೂ ಸೇರಿ ಟ್ಯಾಂಕ್ ಇಳಿಸಿ ಅಲ್ಲಿಟ್ಟೆವು. ಅವನ ಅವ್ವ ಒಂದು ಗಡಿಗೆ ಕೊಟ್ಟರು, ಕಂಠ ಒಡೆದದ್ದು. ಅಂಚು ಉಜ್ಜಿ, ಒದ್ದೆ ನಾರು ಹಾಕಿ, ಅಡ್ಡ ಮಲಗಿಸಿ, ಪಕ್ಕದ ರೂಮಿನ ಕೂಲರನ್ನು ಬಾಗಿಲಿಗೆ ಎಳೆದು ತಂದು ಹಚ್ಚಿದೆವು. ಎಂಟೂವರೆಗೆ ತಂಪು ತುದಿ 26ಕ್ಕೆ ಬಂತು. ಮರಿ ನೀರಿನಿಂದ ಎದ್ದು, ಬಟ್ಟಲಿನ ಅಂಚಿನ ಮೇಲೆ ಗದ್ದ ಇಟ್ಟು ಸ್ವಲ್ಪ ಹೊತ್ತು ನಾಲಿಗೆ ಆಡಿಸಿ, ಆಮೇಲೆ ನಿಧಾನಕ್ಕೆ ಗಡಿಗೆಯೊಳಗೆ ಹೋಯಿತು.